ಬಾಗಿಲಿಗೆ ಕಾಯಲು ಕಲಿಸಿದೆ

ಮನೆಯಿಂದ
ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಅಲ್ಲೂ ಕೊಕ್ಕರೆಯಂತೆ ಕತ್ತು ಚಾಚಿಯೇ ಕೂರುತ್ತೀಯೋ ಏನೋ. ಅಮ್ಮ ದಿನವಿಡೀ ಮಂಡಿಯನ್ನು ಬೈದುಕೊಂಡು ಓಡಾಡುತ್ತಾಳೆ. ಫೋನು ಹೊಡೆದುಕೊಂಡರೆ ಮಾತ್ರ ಮಂಡಿ ಮರೆತು ಓಡುತ್ತಾಳೆ, ನೀನಿರಬಹುದೆಂದು.

ಕೆಲಸದ ಸುದ್ದಿ ಹೇಳುತ್ತೇನೆ. ಲಿಫ್ಟಿನ ಬಾಗಿಲುಗಳನ್ನು ಪರೀಕ್ಷಿಸಲು ನೀನು ಬರೆದ ಪ್ರೋಗ್ರಾಮನ್ನೇ ಇನ್ನೂ ಓಡಿಸುತ್ತಿದ್ದೇವೆ. ಫೈಲಿನಲ್ಲಿ ಒಂದರ ಕೆಳಗೊಂದು ಆಜ್ಞೆ ಬರೆದಿಟ್ಟರೆ ಸಾಕು, ಉಸಿರೂ ಬಿಡದೆ ಓದುತ್ತ ಬಾಗಿಲನ್ನು ತೆರೆದು ಮುಚ್ಚುತ್ತಿರುತ್ತದೆ. ಈ ವಾರ ಅದಕ್ಕೆ ನಿಲ್ಲುವ ಆಜ್ಞೆಯೊಂದನ್ನು ಸೇರಿಸಿದೆ. ಆ ಸಾಲು ಬಂದರೆ ಎಲ್ಲವೂ ನಿಂತು, ಮುಂದುವರಿಯಲು ಎಂಟರ್ ಒತ್ತಿ ಎನ್ನುತ್ತದೆ. ಯಾರಾದರೂ ಒತ್ತುವ ತನಕ ಬಾಗಿಲು ಕದಲುವುದಿಲ್ಲ. ಬರೆದದ್ದು ಹನ್ನೊಂದು ಸಾಲು, ಅದಕ್ಕೆ ಎರಡು ವರ್ಷ ಬೇಕಾಯಿತು ನೋಡು.

ನಿನ್ನೆ ಮೊದಲ ಸಲ ಓಡಿಸಿದೆ. ಸಂದಿ ಅಳೆಯಲು ಫಿಟ್ಟರ್ ಮಾಮ ಎಡಗೈ ಇಟ್ಟರು. ಬಲಗೈಯ ಎರಡು ಬೆರಳು ಎರಡು ವರ್ಷದ ಹಿಂದೆ ಇದೇ ಬಾಗಿಲಿಗೆ ಸಿಕ್ಕಿ ಹೋದವಲ್ಲ. ಪ್ರೋಗ್ರಾಮು ನಿಂತಿತು, ಕೋಣೆಯ ಸದ್ದಡಗಿತು. ನನ್ನ ಕುರ್ಚಿಯ ಹಿಂದೆ ನೀನು ನಿಂತಿದ್ದೀಯ ಅನ್ನಿಸಿತು. ತಿರುಗಿಯೂ ನೋಡಿದೆ, ನಗಬೇಡ. ಮಾಮ “ಒತ್ತಮ್ಮಾ, ಕೈ ತೆಗ್ದಿದೀನಿ” ಎಂದು ಎರಡು ಸಲ ಹೇಳಿದರೂ ನನ್ನ ಬೆರಳು ಏಳಲಿಲ್ಲ. ಅವರ ಆವತ್ತಿನ ಕೂಗು ಇನ್ನೂ ಆ ಗೋಡೆಗಳಲ್ಲೇ ಇದೆ. ಫೈಲು ನೋಡಿ ನೀನು ಅಂದದ್ದೂ ಇದೆ: “ಮಧ್ಯೆ ಟೈಮ್ ಬಿಟ್ಟಿದ್ದೆ ಅನ್ಕೊಂಡಿದ್ದೆ, ಮರ್ತುಬಿಟ್ನೇನೋ.” ಅಷ್ಟು ಹೇಳಿ ನೀನು ಕೆಲಸ ಬಿಟ್ಟೆ, ಮನೆಯನ್ನೂ ಬಿಟ್ಟೆ. ಆ ಮಾತು ಹಗಲೆಲ್ಲ ನನ್ನ ಬೆನ್ನು ಹತ್ತಿ ಬರುತ್ತದೆ. ನನಗೆ ಭಯವಾಗುತ್ತದೆ ಅಣ್ಣಾ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನೀನು ಬಾಯಿಬಡುಕಿ ಎನ್ನುತ್ತಿದ್ದ
ನಿನ್ನ ತಂಗಿ

ತಾ.ಕ.: ಅಣ್ಣಾ, ನೀನು ಮರೆತಿರಲಿಲ್ಲ. ತೆರೆಯುವುದಕ್ಕೂ ಮುಚ್ಚುವುದಕ್ಕೂ ನಡುವೆ, ಕೈ ತೆಗೆಯುವಷ್ಟು ಹೊತ್ತು ಕಳೆಯಲೆಂದೇ, ಬಾಗಿಲಿನ ಸ್ಥಿತಿ ಕೇಳುವ ಒಂದೇ ಸಾಲನ್ನು ನೀನು ನಲವತ್ತು ಸಲ ಬರೆದಿದ್ದೆ. ಮಾಮನ ಬೆರಳು ಹೋಗುವ ಹಿಂದಿನ ದಿನ ಫೈಲು ಚೊಕ್ಕ ಮಾಡುತ್ತೇನೆಂದು, ಕಸವೆಂದುಕೊಂಡು ಅವನ್ನು ಅಳಿಸಿದವಳು ನಾನು. ಎಲ್ಲರೂ ನಿನ್ನನ್ನು ಬೈಯುವಾಗ ಪಕ್ಕದಲ್ಲೇ ಬಾಯಿ ಹೊಲಿದುಕೊಂಡು ನಿಂತಿದ್ದೆ. ಇವತ್ತು ಮಾಮನಿಗೆ ಹೇಳಿದೆ. ಅವರು ಬೈಯಲಿಲ್ಲ. “ಅವ್ನಿಗೆ ಇದು ಗೊತ್ತಾ?” ಎಂದಷ್ಟೇ ಕೇಳಿದರು.