ನೀನು ಬಿಟ್ಟುಹೋದ ಮೂರು ಅಚ್ಚು

ನನ್ನ ಹಟಮಾರಿಗೆ,

ಇಂದು ಪ್ರಯೋಗಾಲಯದಲ್ಲಿ ನಿನ್ನ ಕೈಯ ಕೊನೆಯ ಕೆಲಸವನ್ನು ಒಡೆದು ಬಂದೆ. ಮುನಿಸಿಕೊಳ್ಳುವ ಮುಂಚೆ ಪೂರ್ತಿ ಓದು.

ಆ ಶಾಲೆಯ ಪಾಯದಡಿಯ ಜೇಡಿಮಣ್ಣು ನೆನಪಿದೆಯಲ್ಲ? ನೀರು ಕುಡಿದರೆ ಉಬ್ಬಿ, ಒಣಗಿದರೆ ಬಾಯಿಬಿಟ್ಟು, ಗೋಡೆಗಳನ್ನೆಲ್ಲ ಸೀಳಿದ ಮಣ್ಣು. ವಿದ್ಯುತ್ ಸ್ಥಾವರದವರು ಗುಡ್ಡೆ ಹಾಕಿದ ಬೂದಿ, ಉಕ್ಕಿನ ಕಾರ್ಖಾನೆಯ ಕಿಟ್ಟದ ಪುಡಿ, ಎರಡನ್ನೂ ತರಿಸಿ, ಮಣ್ಣು ಗಟ್ಟಿಯಾಗಲೆಂದು ಅದಕ್ಕೆ ಕಲಸಿದವಳು ನೀನು. ಊರಿಗೆ ಬೇಡವಾದದ್ದನ್ನೆಲ್ಲ ತಂದಿಟ್ಟುಕೊಳ್ಳುವುದು ನಿನ್ನ ಹುಟ್ಟುಗುಣ ಎಂದು ನಾನು ರೇಗಿಸಿದರೆ, "ಹೌದು ರೀ, ನಿಮ್ಮನ್ನೂ ಹಾಗೇ ತಂದಿದ್ದು" ಅಂದಿದ್ದೆ.

ಒಡೆದು ಬಲ ಅಳೆಯಲೆಂದು ಕೊಳವೆಯಲ್ಲಿ ಅದುಮಿದ ಮಣ್ಣಿನ ಅಚ್ಚನ್ನು ಹೊರತೆಗೆಯುವಾಗ ಮಾತ್ರ ನಿನ್ನ ಕೈ ಒರಟು. ಹಸಿ ಮಣ್ಣಿನ ಸೊಂಟಕ್ಕೆ ನಿನ್ನ ಬೆರಳಿನ ತಗ್ಗು ಬೀಳದ ದಿನವಿಲ್ಲ. ತಗ್ಗು ಬಿದ್ದದ್ದು ಪರೀಕ್ಷೆಗೆ ಬರುವುದಿಲ್ಲ. ಮುಲಾಜಿಲ್ಲದೆ ನಾನು ಪಕ್ಕಕ್ಕೆಸೆಯುತ್ತಿದ್ದೆ, ನೀನು ಸಂಜೆಯವರೆಗೆ ಮುಖ ಊದಿಸಿಕೊಂಡಿರುತ್ತಿದ್ದೆ.

ಈ ಕೊನೆಯ ಮೂರು ಅಚ್ಚನ್ನು ಒದ್ದೆ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟ ವಾರದಲ್ಲೇ ನಿನ್ನ ಹೃದಯ ನಿಂತಿತು. ಬೂದಿ ಬೆರೆತ ಮಣ್ಣು ದಿನದಿನಕ್ಕೂ ಬಲಿಯುತ್ತದೆ. ನೀನು ಹೋದ ಮೇಲೂ ಅವು ಗಟ್ಟಿಯಾಗುತ್ತಲೇ ಇದ್ದವು. ನಾನು ಆಗಲಿಲ್ಲ ಕಣೇ.

ಇವನ್ನು ಮನೆಗೆ ಒಯ್ಯಿರಿ, ಹೊಸದಾಗಿ ಮಾಡಿಸೋಣ ಎಂದು ಮೇಲಧಿಕಾರಿ ಮರುಕದಿಂದ ಹೇಳಿದರು. ಹೊಸದು ಬಲಿಯಲು ಇನ್ನೊಂದು ತಿಂಗಳು ಬೇಕು. ಅಷ್ಟರಲ್ಲಿ ಮಳೆ ಹಿಡಿದು ಶಾಲೆಯ ಪಾಯ ಮುಂದಿನ ವರ್ಷಕ್ಕೆ ಹೋಗುತ್ತದೆ, ಮಕ್ಕಳು ಆ ಬಿರುಕು ಗೋಡೆಯ ಕೆಳಗೇ ಕೂರಬೇಕು. ನೀನು ಒಪ್ಪುತ್ತಿರಲಿಲ್ಲ.

ನನ್ನದೊಂದು ಕಳ್ಳ ಆಸೆಯಿತ್ತು. ಮೂರರಲ್ಲಿ ಒಂದು ಕೆಟ್ಟಿದ್ದರೆ ಎರಡರ ಫಲಿತಾಂಶವೇ ಸಾಕು. ನಿನ್ನ ಬೆರಳಿನ ತಗ್ಗಿರುವ ಒಂದನ್ನು ನಿಯಮ ಮುರಿಯದೆಯೇ ಮನೆಗೆ ತರಬಹುದಿತ್ತು. ಬಟ್ಟೆ ಬಿಚ್ಚಿದೆ. ತಿರುಗಿಸಿ ತಿರುಗಿಸಿ ನೋಡಿದೆ, ಸವರಿ ಸವರಿ ಹುಡುಕಿದೆ. ಮೂರೂ ನುಣ್ಣಗಿದ್ದವು. ಇಷ್ಟು ವರ್ಷ ನಾನು ಬೈದದ್ದು ಕೊನೆಗೂ ನಿನ್ನ ಕಿವಿಗೆ ಬಿದ್ದಿತ್ತು.

ಮೂರನ್ನೂ ಒತ್ತಿ ಒಡೆಯುವ ಯಂತ್ರಕ್ಕೆ ಕೊಟ್ಟೆ. ಅಷ್ಟು ಸುಲಭಕ್ಕೆ ಒಡೆಯಲಿಲ್ಲ ಅವು, ಶಾಲೆ ನಿಲ್ಲುತ್ತದೆ. ಪುಡಿ ಗುಡಿಸಿ ಹಾಕಿ, ಮನೆಗೆ ಬಂದು ಬರಿಗೈಯಲ್ಲಿ ಕೂತಿದ್ದೇನೆ. ಒಂದನ್ನಾದರೂ ಕೆಡಿಸಬಾರದಿತ್ತೇನೇ?

ಎಲ್ಲಿದ್ದರೂ ತಣ್ಣಗಿರು.

ನಿನ್ನ ಮನೆಯವನು