ಉಪ್ಪುಗಾಳಿಗೆ ತೆರೆದ ಕಿಟಕಿ

ನಿಲಾಯ್
೩೦ ಮೇ ೨೦೨೦

ಪ್ರೀತಿಯ ಇವರೇ,

ಕೆಮ್ಮು ಹೇಗಿದೆ? ನಿಜ ಹೇಳಿ ಮಾರಾಯ್ರೇ. ಫೋನಿನಲ್ಲಿ ಕೇಳಿದರೆ 'ಏನಿಲ್ಲ, ಗಂಟಲು ಒಣಗಿದೆ' ಅಂತ ಮಾತು ಹಾರಿಸುತ್ತೀರಿ. ಅದಕ್ಕೇ ಕೂತು ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ. ನಾನೂ ತನ್ವಿಯೂ ಚೆನ್ನಾಗಿದ್ದೇವೆ. ಕಾಲೇಜು ಮುಚ್ಚಿದೆ, ನಾನು ರೇಡಿಯಾಲಜಿ ಪಾಠ ಮಾಡೋದೆಲ್ಲ ಊಟದ ಮೇಜಿನಿಂದಲೇ. ಕೆಳಗಿನ ಮಾಮಕ್ ಹೋಟೆಲಿನಿಂದ ರೋಟಿ ಕಟ್ಟಿಸಿಕೊಂಡು, ಇಲ್ಲಿನವರ ಮಾತಿನಲ್ಲಿ 'ತಪಾವ್' ಮಾಡಿಸಿಕೊಂಡು, ಬರೋದಷ್ಟೇ ನಮ್ಮ ತಿರುಗಾಟ. ನಾನು ಕನ್ನಡದಲ್ಲಿ ಏನು ಕೇಳಿದರೂ ನಿಮ್ಮ ಮಗಳದ್ದು ಇಲ್ಲಿನವರ ಇಂಗ್ಲಿಷಿನಲ್ಲಿ ಒಂದೇ ಉತ್ತರ, 'ವೆನ್ ಈಸ್ ಪಪ್ಪ ಕಮಿಂಗ್ ಲಾ?'

ನನಗೆ ಹೆದರಿಕೆಯಾಗಿದೆ. ತಪ್ಪು ನನ್ನದೇ. ಫೆಬ್ರವರಿಯಲ್ಲಿ ಅಲ್ಲಿನ ಮಕ್ಕಳ ಉಸಿರಾಟ ಪರೀಕ್ಷಿಸಲು ಹೋದವರು, ವಿಮಾನ ನಿಂತು ಅರಾಲ್ ಸಮುದ್ರದ ಹಳೇ ಬಂದರಿನಲ್ಲೇ ಸಿಕ್ಕಿಕೊಂಡಿರಿ. 'ಗಾಳಿಯೆಲ್ಲ ಉಪ್ಪುಪ್ಪು, ತುಟಿ ನೆಕ್ಕಿದರೆ ನಮ್ಮ ಮಲ್ಪೆಯೇ' ಅಂದಿರಿ. ಮಲ್ಪೆಯಲ್ಲಿ ನಮಗೆ ಕೆಮ್ಮು ಬಂದರೆ ಅಮ್ಮ ಸಂಜೆ ಕಡಲ ಬದಿಗೆ ಎಳೆದೊಯ್ದು 'ಉಪ್ಪುಗಾಳಿ ಕುಡಿ, ಎದೆ ಸಡಿಲ ಆಗ್ತದೆ' ಅನ್ನುತ್ತಿದ್ದಳು. ಅದೇ ಅಭ್ಯಾಸಬಲದಲ್ಲಿ ನಾನೂ 'ಕಿಟಕಿ ತೆರೆದಿಟ್ಟು ಮಲಗಿ, ಕೊರೋನಾಕ್ಕೂ ಒಳ್ಳೇದು' ಅಂದುಬಿಟ್ಟೆ. ಓದಿದ ಡಾಕ್ಟರು ನಾನು, ನಾಚಿಕೆಗೇಡು! ನೀವೂ ಕರಾವಳಿಯವರೇ ತಾನೆ, ತಕ್ಷಣ ತೆರೆದಿರಿ.

ನೀವು ಮನೆಯಲ್ಲಿ ಬಿಟ್ಟುಹೋದ ಟಿಪ್ಪಣಿಗಳನ್ನು ಮೊನ್ನೆ ಓದಿದೆ. ಹತ್ತಿ ಹೊಲಗಳಿಗೆ ನದಿಗಳನ್ನು ತಿರುಗಿಸಿ ತಿರುಗಿಸಿ ಅಲ್ಲಿಯ ಕಡಲು ಬತ್ತಿ ಮೈಲುಗಟ್ಟಲೆ ಹಿಂದೆ ಹೋಯಿತಂತೆ. ಅದು ತುಂಬಿದ್ದಾಗ ಬೇಸಿಗೆಯ ಸೆಖೆ ತಗ್ಗಿಸುತ್ತಿತ್ತು, ಚಳಿಗಾಲದಲ್ಲಿ ಊರನ್ನು ಬೆಚ್ಚಗಿಡುತ್ತಿತ್ತು. ಈಗ ಸೆಖೆಯೂ ಜಾಸ್ತಿ, ಚಳಿಯೂ ಜಾಸ್ತಿ. ಬರಿದಾದ ತಳದಿಂದ ಉಪ್ಪು, ಹೊಲಗಳಿಂದ ಹರಿದುಬಂದ ಕೀಟನಾಶಕ, ಎಲ್ಲ ಧೂಳಾಗಿ ಏಳುತ್ತದೆ. ಮೂರು ತಿಂಗಳು ಅದನ್ನೇ ಕುಡಿದಿದ್ದೀರಿ, ನಾನು ಹೇಳಿದೆ ಅಂತ. ಮೊದಲು ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ.

ಮುಂದಿನ ವಾರ ತಾಷ್ಕೆಂಟಿನಿಂದ ಸ್ಪೆಷಲ್ ವಿಮಾನ ಇದೆಯಂತೆ, ನಿಮ್ಮನ್ನು ಕೇಳದೆ ಹೆಸರು ಕೊಟ್ಟಿದ್ದೇನೆ. 'ಇನ್ನು ನಲವತ್ತು ಮಕ್ಕಳು ಬಾಕಿ' ಅಂತ ಹಠ ಮಾಡಬೇಡಿ. ಸಿಟ್ಟು ಬಂದರೆ ಇಲ್ಲಿಗೆ ಬಂದು ಬಯ್ಯಿರಿ.

ಉಡುಪಿಯ ಕೃಷ್ಣ ಅಲ್ಲಿಯೂ ಒಂದು ಕಣ್ಣಿಟ್ಟಿರಲಿ. ತನ್ವಿ ಮುತ್ತು ಕಳಿಸಿದ್ದಾಳೆ.

ನಿಮ್ಮ
ಜಯಮಾಲಾ

ತಾ.ಕ.: ಬೆಳಿಗ್ಗೆ 'ಇಲ್ಲಿನ ಒಬ್ಬ ಪೇಷಂಟಿಂದು, ನೋಡಿ ಹೇಳು' ಅಂತ ಎಕ್ಸ್‌ರೇ ಕಳಿಸಿದಿರಲ್ಲ, ನೋಡಿದೆ. ಎಡ ಕಾಲರ್ ಬೋನಿನಲ್ಲಿ ಹಳೇ ಮುರಿತ, ಸೊಟ್ಟಗೆ ಕೂಡಿದೆ. ಅದು ಮುರಿದ ದಿನ ನೀವು ಓಡಿಸುತ್ತಿದ್ದ ಸ್ಕೂಟರಿನ ಹಿಂದಿನ ಸೀಟಿನಲ್ಲಿ ನಾನೇ ಕೂತಿದ್ದೆ. ಶ್ವಾಸಕೋಶದಲ್ಲಿ ಏನು ಕಂಡೆ ಅಂತ ಬರೆಯಲು ಕೈ ಬರುತ್ತಿಲ್ಲ. ಈ ಸಲವೂ ನನ್ನ ಮಾತು ಕೇಳಿ, ಬಂದುಬಿಡಿ.