ಓ ಅನ್ನಲು ಕಲಿತ ಕಂಪ್ಯೂಟರ್

ಅತ್ತೆಯವರಿಗೆ ನಮಸ್ಕಾರಗಳು.

ಗಂಟಲಿನ ಆಪರೇಷನ್ ಆದಮೇಲೆ, "ಇನ್ನು ನಿನ್ನ ಹೇಗೆ ಕರೀಲಿ?" ಎಂದು ಚೀಟಿ ಬರೆದುಕೊಟ್ಟಿರಿ. ನಾಳೆ ಮನೆಗೆ ಬಂದಾಗ ನಿಮ್ಮ ಮಂಚದ ಪಕ್ಕ ಮಾವನ ಹಳೇ ಕಂಪ್ಯೂಟರ್ ಇರುತ್ತದೆ. ಅದರ ಕರ್ನಲ್, ಅಂದರೆ ಇಡೀ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಂ, ನಾನೇ ಬರೆದೆ. ಯಾವ ಗುಂಡಿ ಒತ್ತಿದರೂ ಅದು ತನ್ನ ಕೆಲಸ ನಿಲ್ಲಿಸಿ, ಅಡುಗೆಮನೆಯ ಗಂಟೆ ಬಾರಿಸಿ, ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಮೊದಲು ಒಂದೇ ಸಲ ಬಾರಿಸಿ, ಆಮೇಲೆ ಎಷ್ಟು ಒತ್ತಿದರೂ ಮಿಸುಕುತ್ತಿರಲಿಲ್ಲ. ಕೊನೆಗೆ ನಿಮ್ಮ ಗದರಿಕೆ ನೆನಪಾಯಿತು: "ಕೆಲಸ ಮಾಡಿದ್ರೆ ಸಾಲದಮ್ಮ, ಕರೆದವರಿಗೆ ಓ ಅನ್ಬೇಕು." ಗುಂಡಿಯ ಕರೆಯನ್ನು ಕರ್ನಲ್‌ಗೆ ತಲುಪಿಸುವ ಚಿಪ್‌ಗೆ ಗಂಟೆ ಬಾರಿಸಿದ ಮೇಲೆ 'ಆಯಿತು' ಎಂದು ಹೇಳಿಸಲು ನಾನು ಮರೆತಿದ್ದೆ; ಪಾಪ, ಅದು ಮುಂದಿನ ಕರೆಯನ್ನು ತಡೆಹಿಡಿದು ಕಾಯುತ್ತಿತ್ತು.

ಹೆರಿಗೆಯಾಗಿ ಮಲಗಿದ್ದಾಗ ನಾನು ಎಷ್ಟು ಸಲ ಕರೆದರೂ ಒಲೆ ಸಣ್ಣ ಮಾಡಿ "ಓ, ಬಂದೆ" ಎಂದವರು ನೀವು.

ಬರುವಾಗ ಕನ್ನಡಕ ಮರೆಯಬೇಡಿ. ಕೆಲಸವಿಲ್ಲದಿದ್ದರೂ ಒಮ್ಮೊಮ್ಮೆ ಸುಮ್ಮನೆ ಒತ್ತಿ. ಓ ಎನ್ನುತ್ತೇನೆ.

ನಿಮ್ಮ ಸೊಸೆ